ಡಬ್ಬಿಯ ಸದ್ದು ನನಗೆ ಕೇಳಿತ್ತು

ಮುಧೋಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಕಚೇರಿ. ಅದರ ಪಕ್ಕದಲ್ಲಿ ಒಂದು ಗುಜರಿ ಅಂಗಡಿ. ದಿನಕ್ಕೆ ಎರಡು ಸಲವಾದರೂ ಅಲ್ಲಿ ಯಾರೋ ಖಾಲಿ ಎಣ್ಣೆ ಡಬ್ಬಿಯನ್ನು ಬಡಿದು ಚಪ್ಪಟೆ ಮಾಡುತ್ತಾರೆ. ಆ ಸದ್ದು ಬಂದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಬಾಗಿಲು ಎಲ್ಲಿದೆ ಎಂದು ಹುಡುಕುತ್ತೇನೆ. ಬಾಗಿಲು ಎರಡು ಹೆಜ್ಜೆಯ ದೂರದಲ್ಲೇ ಇರುತ್ತದೆ, ತೆರೆದೇ ಇರುತ್ತದೆ. ಎದುರು ಕುಳಿತ ಗಿರಾಕಿ “ಏನಾತ್ರಿ ಸಾಹೇಬ್ರ?” ಎಂದು ಕೇಳುತ್ತಾನೆ. “ಏನಿಲ್ರಿ” ಎನ್ನುತ್ತೇನೆ. ಇದೇ ಮಾತನ್ನು ಒಮ್ಮೆ ಎತ್ತರದ ಆಪು ಹುಲ್ಲಿನ ನಡುವೆ ನಿಂತು ಒಬ್ಬ ಮುದುಕರಿಗೆ ಹೇಳಿದ್ದೆ. ಹೇಳಿದ ಸ್ವಲ್ಪ ಹೊತ್ತಿಗೆ ಮೂರು ದಿಕ್ಕಿನಿಂದ ಬೆಂಕಿ ಬಂತು.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು. ಸೇತುವೆ ಕಟ್ಟುತ್ತೇನೆ ಎಂದುಕೊಂಡು ಓದಿದೆ. ಮಾಡುತ್ತಿರುವುದು ಲೇಔಟಿನ ನಕ್ಷೆ. ಹೊಲ ಎನ್.ಎ. ಆಗಿ, ಅಂದರೆ ಕೃಷಿಯೇತರ ಜಾಗವಾಗಿ, ಪ್ಲಾಟುಗಳಾಗುವ ಮೊದಲು ನನ್ನಂಥವನ ಕಾಗದದ ಮೇಲೆ ಹಾದುಹೋಗುತ್ತದೆ. ನಮ್ಮದು ಜಮಖಂಡಿಯಲ್ಲಿ ಮೂರು ತಲೆಮಾರಿನಿಂದ ನೌಕರಿಯ ಮನೆ. ಅಜ್ಜ ಶಾಲೆಯ ಮಾಸ್ತರರು, ಅಪ್ಪ ಅಂಚೆ ಕಚೇರಿಯಲ್ಲಿದ್ದವರು. ಕಬ್ಬನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೆ ಬಸ್ಸಿನ ಕಿಟಕಿಯಿಂದ. ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಸೋಗೆಗೆ ರವದಿ ಎನ್ನುತ್ತಾರೆ, ಅದನ್ನು ಸುಡುತ್ತಾರೆ ಎಂಬುದು ಗೊತ್ತಿತ್ತು. ಸುಡುವ ಮೊದಲು ಏನು ಮಾಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಈ ಸುತ್ತಿನಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಆ ಜಾಗ ಹಿಪ್ಪರಗಿಯ ಕಡೆ, ನದಿಯ ಹಿನ್ನೀರಿಗೆ ತಾಗಿಕೊಂಡಿತ್ತು. ಒಂದು ಕಾಲಕ್ಕೆ ಒಳ್ಳೆಯ ಕಬ್ಬಿನ ಹೊಲವಂತೆ. ನೀರು ಇದೆ ಎಂದು ವರ್ಷಗಟ್ಟಲೆ ನೀರು ಬಿಟ್ಟರು. ನೆಲದಿಂದ ಉಪ್ಪು ಎದ್ದಿತು, ಕಬ್ಬು ಕುಳ್ಳಾಯಿತು, ಕೊನೆಗೆ ಬೆಳೆಯುವುದನ್ನೇ ಬಿಟ್ಟಿತು. ಸವಳು-ಜವಳು ಎಂದು ಎಲ್ಲರೂ ಕೈಬಿಟ್ಟ ಆ ನೆಲದ ನಡುವಿನ ತಗ್ಗಿನಲ್ಲಿ ಸುಮಾರು ಮೂರು ಎಕರೆಯಷ್ಟು ನೀರು ನಿಂತು, ಆಳೆತ್ತರಕ್ಕಿಂತ ಮೇಲೆ ಆಪು ಬೆಳೆದಿತ್ತು. ಹೊಲದ ಹೆಚ್ಚಿನ ನೀರು ಹರಿದು ನದಿ ಸೇರಲೆಂದು ಹಿಂದಿನ ರೈತರು ತೋಡಿದ್ದ ಬಸಿಗಾಲುವೆಯೊಂದು ಆ ತಗ್ಗಿನಿಂದ ನದಿಯವರೆಗೆ ಹೋಗಿತ್ತು. ಮನುಷ್ಯರಿಗೆ ಬೇಡವಾದ ಮೇಲೆ ಅದರಲ್ಲಿ ಬೇರೆಯವರು ಓಡಾಡತೊಡಗಿದ್ದರು.

ಅವರನ್ನು ನನಗೆ ತೋರಿಸಿದವರು ಕುರಿ ಕಾಯುವ ಕಾಕಾ. ಹುನ್ನೂರಿನ ಕಡೆಯವರು. ಬೀರೇಶ್ವರನ ಹೆಸರು ಹೇಳದೆ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಎಪ್ಪತ್ತು ದಾಟಿತ್ತು, ಒಂದು ಕಿವಿ ಮಂದ, ಹೆಗಲ ಮೇಲೆ ಸದಾ ಕರಿ ಕಂಬಳಿ. ಮೊದಲ ದಿನ ನಾನು ಅಳತೆಯ ಯಂತ್ರ ನಿಲ್ಲಿಸುತ್ತಿದ್ದಾಗ ಹಿಂದೆ ಬಂದು ನಿಂತರು.

“ಏನ ಅಳಿಯಾಕತ್ತೀರಿ ಸಾಹೇಬ?”

“ಜಾಗಾ ಕಾಕಾ. ಇಲ್ಲಿ ಲೇಔಟ ಆಕ್ಕೈತಿ.”

“ನೀರಾಗ?”

“ನೀರ ತಗೀತಾರಂತ.”

“ತಗದ ಎಲ್ಲಿ ಇಡ್ತಾರ?” ಎಂದು ಕೇಳಿ, ನಾನು ನಗುವ ಮೊದಲೇ ತಾವು ನಕ್ಕರು. “ಬಾ, ಇಲ್ಲಿರೋ ಮಂದೀನ ತೋರಸ್ತೇನಿ. ಅವರನ್ನೂ ಅಳಿ.”

ಬಸಿಗಾಲುವೆಯ ದಂಡೆಯಲ್ಲಿ, ಬೇರುಗಳ ಕೆಳಗೆ ಒಂದು ಬಿಲ. ಮುಂದೆ ಒದ್ದೆ ಮಣ್ಣಿನಲ್ಲಿ ಹೆಜ್ಜೆ, ಮೀನಿನ ಹುರುಪೆ, ಒಂದು ಬಗೆಯ ಹಸಿ ವಾಸನೆ. ಒಂದು ತಾಸು ಕುಳಿತ ಮೇಲೆ ನೀರು ಸೀಳಿಕೊಂಡು ಒಂದು ತಲೆ ಬಂತು, ನಮ್ಮನ್ನು ನೋಡಿತು, ಮುಳುಗಿತು. ನೀರುನಾಯಿ. “ಆಕಿ ಬಸರ ಅದಾಳ. ಚಳಿಗಾಲಕ್ಕ ಹಡೀತಾಳ” ಎಂದು ಕಾಕಾ ಹೇಳಿದ ರೀತಿಯಲ್ಲಿ ಮನೆಯ ಮಗಳ ಸುದ್ದಿ ಹೇಳುವ ಸಲಿಗೆಯಿತ್ತು. ಆಪಿನೊಳಗೆ ನೀಲಿ ನೀರುಕೋಳಿಗಳ ಗದ್ದಲ ಬೇರೆ. ನಾನು ಓದಿದ್ದರಲ್ಲಿ ಇದು ಯಾವುದೂ ಇರಲಿಲ್ಲ. ಆದರೂ ಅಂದು ಸಂಜೆ ಮನೆಗೆ ಹೋಗುವಾಗ ಈ ತಗ್ಗು ಉಳಿಯಬೇಕು ಎಂದು ನನಗನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪಿರಲಿಲ್ಲ. ಉಳಿಸಲು ಹೊರಟ ದಾರಿಯಲ್ಲಿತ್ತು.

ಲೇಔಟಿನ ನಿಯಮದಂತೆ ಒಂದಷ್ಟು ಜಾಗವನ್ನು ಉದ್ಯಾನಕ್ಕೆ ಬಿಡಲೇಬೇಕು. ನಾನು ಆ ತಗ್ಗನ್ನೇ ನಕ್ಷೆಯಲ್ಲಿ ಉದ್ಯಾನ ಎಂದು ಗುರುತಿಸಿ ಹಸಿರು ಬಣ್ಣ ಹಚ್ಚಿದೆ. ಜಾಗದ ಮಾಲೀಕರ ಮುಂದೆ ಹಿಡಿದಾಗ ಅವರು ಬೇಡ ಎನ್ನುತ್ತಾರೆ ಎಂದು ಹೆದರಿದ್ದೆ. ಅವರು ಮೇಜು ಕುಟ್ಟಿ ನಕ್ಕರು.

“ಭಲೇ ಇಂಜನೇರ ಸಾಹೇಬ್ರ! ಹೆಂಗೂ ಪಾರ್ಕಿಗೆ ಜಾಗಾ ಬಿಡಾಕಬೇಕು. ಛಲೋ ನೆಲ ಯಾಕ ಬಿಡೂಣು, ಆ ಜವಳ ಬಿಟ್ರಾತು. ಇದು ನನ್ನ ತಲ್ಯಾಗ ಹೊಳೀಲೇ ಇಲ್ಲ ನೋಡ್ರಿ.”

ನಾನೂ ನಕ್ಕೆ. ಆಮೇಲೆ ಅವರು ನಕ್ಷೆಯ ಮೇಲೆ ಬೆರಳಿಟ್ಟರು. “ಈ ನೀಲಿ ಗೆರಿ ಏನಿದು?”

“ಬಸಿಗಾಲುವಿರಿ.”

“ಇದನ್ನ ತಗೀರಿ. ಕಾಲುವಿ ತೋರಿಸಿದ್ರ ಎರಡೂ ಬಾಜೂಕ ಜಾಗಾ ಬಿಡ್ರಿ ಅಂತಾರ. ಮೂಲಿ ಪ್ಲಾಟೆಲ್ಲಾ ಹೋಗ್ತಾವು.”

“ಆದ್ರ ಅದು ಅಲ್ಲಿ ಐತಲ್ರಿ.”

“ನೆಲದ ಮ್ಯಾಲ ಐತಿ. ಇರ್ಲಿ ಬಿಡ್ರಿ, ನಾ ಏನ ಬ್ಯಾಡ ಅಂದ್ನ್ಯಾ? ಕಾಗದದ ಮ್ಯಾಲ ಯಾಕ ಬೇಕು?”

ಕಚೇರಿಗೆ ಬಂದು ಗಣಕಯಂತ್ರದಲ್ಲಿ ಆ ಗೆರೆಯನ್ನು ಆರಿಸಿ ಒಂದು ಗುಂಡಿ ಒತ್ತಿದೆ. ಕಾಲುವೆ ಹೋಯಿತು. ಒಂದು ಗೆರೆ ಕೊಟ್ಟು ಮೂರು ಎಕರೆ ಪಡೆದೆ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಕೆಳಗೆ ಸಹಿ ಹಾಕಿ ಮುದ್ರೆ ಒತ್ತಿದೆ. ಮುಂದಿನ ವಾರ ಕಾಕಾನಿಗೆ ಸುದ್ದಿ ಹೇಳಲೆಂದೇ ಹೋದೆ.

“ಉಳೀತ್ರಿ ಕಾಕಾ. ಪಾರ್ಕ ಅಂತ ಬರದೇನಿ.”

“ಪಾರ್ಕ ಅಂದ್ರ?”

“ಅಲ್ಲಿ ಯಾರೂ ಮನಿ ಕಟ್ಟಂಗಿಲ್ರಿ.”

“ಹಂಗಾರ ಒಂದ ಬೋರ್ಡ ಹಾಕಸು ತಮ್ಮಾ, ದೊಡ್ಡ ಅಕ್ಷರದಾಗ. ನೀರನಾಯಿ ಓದಲಿ.”

ಆ ದಿನದಿಂದ ಅವರು ನನ್ನನ್ನು ಸಾಹೇಬ ಎನ್ನುವುದನ್ನು ಬಿಟ್ಟು ತಮ್ಮಾ ಎನ್ನತೊಡಗಿದರು.

ಉದ್ಯಾನ ಎಂದು ಒಮ್ಮೆ ಕಾಗದದಲ್ಲಿ ಬರೆದ ಮೇಲೆ ಅದು ಉದ್ಯಾನದಂತೆಯೇ ಕಾಣಬೇಕು. ನೆಲ ಸಮ ಮಾಡಿರಬೇಕು, ಬೇಲಿ ಇರಬೇಕು, ಹುಲ್ಲುಹಾಸು, ಕೂರಲು ಬೆಂಚು, ಮಕ್ಕಳ ಜೋಕಾಲಿ ಇರಬೇಕು. ಅಧಿಕಾರಿಗಳು ಬಂದು ನೋಡಿ ಒಪ್ಪಿದ ಮೇಲೆಯೇ ಪ್ಲಾಟು ಮಾರುವ ಪರವಾನಗಿ. ಇದು ನನಗೆ ತಿಳಿಯದ ವಿಷಯವಲ್ಲ, ಇದೇ ನನ್ನ ಹೊಟ್ಟೆಪಾಡು. ಎಷ್ಟೋ ಲೇಔಟುಗಳಲ್ಲಿ ಆ ಬೆಂಚುಗಳ ಜಾಗವನ್ನು ನಾನೇ ಗುರುತಿಸಿದ್ದೇನೆ. ಆದರೂ ಈ ಒಂದು ಕಡೆ ಮಾತ್ರ ಉದ್ಯಾನ ಎಂದರೆ ಯಾರೂ ಮುಟ್ಟದ ಜಾಗ ಎಂದು ನಂಬಿಕೊಂಡೆ. ಮನೆಯ ಪ್ಲಾಟು ಎಂದೇ ಬರೆದಿದ್ದರೆ, ತಗ್ಗು ತುಂಬಿಸುವ ಖರ್ಚಿಗೆ ಹೆದರಿ ಅವರು ಅದನ್ನು ಕೊನೆಗೆ ಬಿಡುತ್ತಿದ್ದರು. ಹಸಿರು ಬಣ್ಣ ಹಚ್ಚಿ ಎಲ್ಲಕ್ಕಿಂತ ಮೊದಲು ಸುಡುವ ಜಾಗ ಮಾಡಿದವನು ನಾನು.

ಚಳಿಗಾಲದಲ್ಲಿ, ಕಬ್ಬಿನ ಹಂಗಾಮು ಜೋರಾಗಿದ್ದಾಗ ಕಾಕಾ ಫೋನ್ ಮಾಡಿದರು. ಬಸಿಗಾಲುವೆಯ ಬಾಯಿಗೆ ಜೆಸಿಬಿ ತಂದು ಗರಸು ಮಣ್ಣು ಸುರಿದಿದ್ದಾರೆ, ನದಿಯ ನೀರು ಒಳಗೆ ಬರುವುದು ನಿಂತಿದೆ, ನಾಳೆ ಆಪಿಗೆ ಬೆಂಕಿ ಹಚ್ಚುತ್ತಾರಂತೆ. “ಆಕಿ ಹಡದಾಳ ತಮ್ಮಾ. ಮೂರು ಮರಿ. ಇನ್ನೂ ನೆಟ್ಟಗ ಈಜಾಕ ಬರಂಗಿಲ್ಲ.”

ಮಾಲೀಕರಿಗೆ ಫೋನ್ ಮಾಡಿದೆ. “ಪಾರ್ಕ ಸ್ವಚ್ಛ ಮಾಡಸಬೇಕಲ್ರಿ, ನೀವ ಬರದೀರಿ” ಎಂದರು. ಸ್ವಲ್ಪ ದಿನ ತಡೆಯಿರಿ ಎಂದೆ. “ಮಂಜು ಆರೂತನಕ ಹಚ್ಚಂಗಿಲ್ಲ. ಹತ್ತು ಹೊಡೀತೈತಿ” ಎಂದರು. ನಾನು ದಿನ ಕೇಳಿದ್ದೆ, ಅವರು ತಾಸು ಕೊಟ್ಟರು. ಅದನ್ನೇ ತೆಗೆದುಕೊಂಡೆ.

ಬೆಳಿಗ್ಗೆ ಬೈಕಿನಲ್ಲಿ ಹೋದೆ. ರಸ್ತೆಯ ಬದಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ನಿಂತಿತ್ತು. ಆಪು ಸುಡುವ ಕೆಲಸಕ್ಕೆ ಕರೆದದ್ದು ಅವರನ್ನೇ. ಅವರ ಮುಖ್ಯಸ್ಥ, ಮುಕಾದಮ ಎನ್ನುತ್ತಾರೆ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಅವನ ಮುಂದೆ ಹಾದು, “ಒಳಗ ಹೊಂಟೇವ್ರಿ” ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮಾಲೀಕರ ಕೆಲಸಕ್ಕೆ ಅಡ್ಡ ಬಂದೆ ಎಂಬ ಸುದ್ದಿ ಹೋಗಬಾರದೆಂದು ಬೈಕನ್ನು ಪಕ್ಕದ ಕಬ್ಬಿನ ಹಿಂದೆ ನಿಲ್ಲಿಸಿ, ಕದ್ದು ಒಳಗೆ ಹೋದೆ. ಕಾಕಾ ಸಲಿಕೆ ಹಿಡಿದು ಅಲ್ಲೇ ಕಾಯುತ್ತಿದ್ದರು.

ಅವರ ಯೋಚನೆ ಸರಳವಾಗಿತ್ತು. ಬಿಲದ ಮೇಲೆ ನಾಲ್ಕು ಸಲ ನೆಲ ಕುಟ್ಟಿದರೆ ತಾಯಿಗೆ ದಿಗಿಲಾಗಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ನದಿಗೆ ಸಾಗಿಸುತ್ತಾಳೆ. ಅಷ್ಟರಲ್ಲಿ ನಾವು ಕಾಲುವೆಯ ಬಾಯಿಗೆ ಹೋಗಿ ಗರಸು ತೋಡಿ ದಾರಿ ಬಿಡಿಸಬೇಕು. ಮಂಜಿನಲ್ಲಿ ನೆನೆದ ಆಪನ್ನು ಸರಿಸಿಕೊಂಡು ಹೋದೆವು. ಕಾಕಾ ಮಂಡಿಯೂರಿ ಬಿಲಕ್ಕೆ ಮುಖ ಇಟ್ಟರು. ಒಳಗಿನಿಂದ ಸಣ್ಣ ಸಿಳ್ಳೆಯಂಥ ದನಿ. “ಅದಾವು, ಅದಾವು” ಎಂದು ನನ್ನ ಕಡೆ ತಿರುಗಿ ಕಣ್ಣರಳಿಸಿದರು.

ಆಗ ದೂರದಲ್ಲಿ ಡಬ್ಬಿ ಬಾರಿಸುವ ಸದ್ದು ಕೇಳಿತು. ಡಣ್ ಡಣ್ ಡಣ್ ಎಂದು, ಸ್ವಲ್ಪ ಬಿಟ್ಟು ಮತ್ತೆ. ಜೊತೆಗೆ ಯಾರೋ ಕೂಗುತ್ತಿದ್ದರು. ಕಾಕಾ ತಲೆ ಎತ್ತಿದರು.

“ಏನರ ಸಪ್ಪಳ ಆತೇನು ತಮ್ಮಾ?”

“ಏನಿಲ್ರಿ ಕಾಕಾ. ಜ್ವಾಳದಾಗ ಹಕ್ಕಿ ಹೊಡಿಯಾಕತ್ತಾರ.”

ಸುತ್ತ ಎಲ್ಲೂ ಜೋಳವಿರಲಿಲ್ಲ. ಇಲ್ಲಿ ಎಲ್ಲ ಕಬ್ಬೇ. ಆದರೂ ಹಾಗೆ ಹೇಳಿದೆ, ಅಷ್ಟು ಖಚಿತವಾಗಿ ಹೇಳಿದೆ. ಮೂರನೆಯ ಸಲವೂ ಡಬ್ಬಿ ಬಡಿಯಿತು. ನಾನು ಗಡಿಯಾರ ನೋಡಿಕೊಂಡೆ. ಒಂಬತ್ತೂ ಆಗಿರಲಿಲ್ಲ. ಹತ್ತು ಎಂದಿದ್ದರಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ. ಗ್ಯಾಂಗಿಗೆ ಕಾರ್ಖಾನೆಯ ಕಬ್ಬು ಕಾಯುತ್ತಿತ್ತು. ಅವರು ಯಾಕೆ ಹತ್ತರವರೆಗೆ ಕೂತಿರುತ್ತಾರೆ?

ಪದ್ಧತಿಯನ್ನು ನಾನು ತಿಳಿದುಕೊಂಡದ್ದು ಆಮೇಲೆ. ರವದಿಗೆ ಬೆಂಕಿ ಹಚ್ಚುವ ಮೊದಲು ಹೊಲದ ಸುತ್ತ ಡಬ್ಬಿ ಬಾರಿಸುತ್ತ, ಕೂಗುತ್ತ ಮೂರು ಸಲ ಹೋಗುತ್ತಾರೆ. ಒಳಗೆ ಮನುಷ್ಯರಿದ್ದರೆ, ಮೊಲ, ಹಾವು, ಹಂದಿ ಏನಿದ್ದರೂ ಏಳಲಿ ಎಂದು. ಆಮೇಲೆ ಮೂರು ಬದಿಗೆ ಹಚ್ಚಿ ನಾಲ್ಕನೆಯದನ್ನು ಬಿಡುತ್ತಾರೆ, ಎದ್ದ ಜೀವ ಹೋಗಲೆಂದು. ಆ ಗ್ಯಾಂಗು ಎಲ್ಲವನ್ನೂ ಸರಿಯಾಗಿಯೇ ಮಾಡಿತು. ನದಿಯ ಬದಿಯನ್ನು ಬಿಟ್ಟಿತು.

ಮೊದಲು ವಾಸನೆ ಬಂತು. ಆಮೇಲೆ ಆಪಿನ ದಂಟುಗಳು ಸಿಡಿಯುವ ಸದ್ದು, ಪಟಾಕಿಯ ಸರಕ್ಕೆ ಬೆಂಕಿ ಬಿದ್ದಂತೆ. ಕಾಕಾ ಮೂಗು ಎತ್ತಿ ಒಂದೇ ಸಲ ಎಳೆದುಕೊಂಡರು. ಅವರ ಮುಖ ನೋಡಿದೆ. ಅದನ್ನು ಇಲ್ಲಿ ಬರೆಯಲಾರೆ.

“ಡಬ್ಬಿ ಬಾರಸಲಿಲ್ಲಲ್ಲೋ...” ಎಂದರು.



ಹೊಗೆ ನೆಲಮಟ್ಟದಲ್ಲಿ ಬಂತು. ನೀಲಿ ನೀರುಕೋಳಿಗಳು ಹಾರುವುದನ್ನೇ ಮರೆತು ನಮ್ಮ ಕಾಲುಗಳ ನಡುವೆ ಓಡಿದವು. ಒಂದು ಹಾವು ನನ್ನ ಬೂಟಿನ ಮೇಲೆ ಹಾದುಹೋಯಿತು, ನನ್ನ ಕಡೆ ನೋಡಲೂ ಇಲ್ಲ. ನಾನು ಬಂದ ದಾರಿಯ ಕಡೆಗೇ ಓಡಲು ಹೊರಟೆ. ಕಾಕಾ ಅಂಗಿ ಹಿಡಿದು ಎಳೆದು ಕಾಲುವೆಗೆ ಕೆಡವಿದರು. “ಆ ಕಡೆ ಎಲ್ಲಿ ಹೊಂಟಿಲೇ, ಸುಡಗಾಡಿಗೆ? ಬಗ್ಗು! ಮಾರಿ ಕೆಸರಿಗೆ ಹಚ್ಚು!” ಕಂಬಳಿಯನ್ನು ಕೆಸರು ನೀರಿನಲ್ಲಿ ಅದ್ದಿ ನನ್ನ ತಲೆಯ ಮೇಲೆ ಎಳೆದರು, ತಾವೂ ಒಳಗೆ ಬಂದರು. ಕಂಬಳಿ ಇಬ್ಬರಿಗೆ ಸಾಲುವಷ್ಟಿರಲಿಲ್ಲ. ಗಾಳಿಗೆ ಹಾರದಂತೆ ಅದರ ಎರಡು ಅಂಚುಗಳನ್ನು ಅವರು ಹೊರಗಿನಿಂದ ಹಿಡಿದುಕೊಂಡಿದ್ದರು. ಹಾಗೆಯೇ ತೆವಳಿದೆವು. ಮೇಲೆ ಬೆಂಕಿ ಕಾಲುವೆಯ ಎರಡೂ ದಂಡೆಗಳಲ್ಲಿ ಬಂದು ತಲೆಯ ಮೇಲೆ ಒಂದಾಯಿತು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಈಗಲೂ ಅದು ಪೂರ್ತಿ ಮುಗಿದಿಲ್ಲ. ಗುಜರಿ ಅಂಗಡಿಯ ಸದ್ದಿಗೆ ಎದ್ದು ನಿಂತಾಗಲೆಲ್ಲ ನಾನು ಆ ಕಂಬಳಿಯ ಕೆಳಗೇ ಇರುತ್ತೇನೆ. ಮುಖಕ್ಕೆ ಸುಟ್ಟ ಉಣ್ಣೆಯ ವಾಸನೆ ಬಡಿಯುತ್ತದೆ, ಕಾಕಾ ಪಕ್ಕದಲ್ಲಿ “ಬೀರಪ್ಪಾ, ಬೀರಪ್ಪಾ” ಎನ್ನುತ್ತಿರುತ್ತಾರೆ.

ಕಂಬಳಿಯ ಸೀಳಿನಲ್ಲಿ ಮುಂದೆ ನೀರುನಾಯಿ ಕಂಡಿತು. ಬಾಯಲ್ಲಿ ಒಂದು ಮರಿ. ಅದೂ ನಮ್ಮಂತೆಯೇ ಕೆಸರಿನಲ್ಲಿ ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತು. ಕಾಲುವೆ ಮುಗಿಯುವಲ್ಲಿ ನೀರಿರಬೇಕಿತ್ತು. ಗರಸಿನ ಒಡ್ಡು ಇತ್ತು. ತಾಯಿ ಅದನ್ನು ಹತ್ತಿತು. ಒಡ್ಡಿನ ಮೇಲೆ ಮಾಲೀಕರ ಗೆಳೆಯರು ಮೂರು ಮುಧೋಳ ನಾಯಿಗಳನ್ನು ಹಿಡಿದು ನಿಂತಿದ್ದರು. ಜೀವಕ್ಕೆಂದು ಒಂದು ಬದಿ ಬಿಡುವುದು ಅವರಿಗೂ ಗೊತ್ತು. ಮೊಲ ಅಲ್ಲಿಂದಲೇ ಬರುತ್ತದೆ ಎಂದು ಅಲ್ಲಿಯೇ ನಿಂತಿದ್ದರು.

“ಬಂತು, ಬಂತು! ಬಿಡಲೇ!”

“ಏ ಅದು ಮೊಲ ಅಲ್ಲೋ!”

“ಏನರ ಇರ್ಲಿ, ಬಿಡು!”

ತಾಯಿ ದಾಟಿತು. ಮರಿ ಬಾಯಿಂದ ಬಿತ್ತು. ಅದನ್ನು ಎತ್ತಲು ತಿರುಗುವಷ್ಟರಲ್ಲಿ ಮೊದಲ ನಾಯಿ ಮರಿಯನ್ನು ತಲುಪಿತ್ತು. ಇನ್ನೆರಡು ಮರಿ ಬಿಲದಲ್ಲೇ ಇದ್ದವು. ಆಮೇಲೆ ನಾವು ಒಡ್ಡಿನ ಮೇಲೆ ತಲೆ ಎತ್ತಿದೆವು. ನಾಯಿ ಹಿಡಿದವರು ಚೀರಿ ಹಿಂದೆ ಸರಿದರು. ಕಾಕಾ ಅವರ ಮುಂದೆ ನಿಂತು ಬೈಯಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಕಂಬಳಿಯ ಅಂಚು ಇನ್ನೂ ಬೆರಳುಗಳಿಗೆ ಅಂಟಿಕೊಂಡಿತ್ತು.

ಜಮಖಂಡಿಯ ಆಸ್ಪತ್ರೆಯಲ್ಲಿ ನಮ್ಮಿಬ್ಬರ ಮಂಚ ಅಕ್ಕಪಕ್ಕ. ನನಗೆ ಕಾಲು ಮತ್ತು ಹೊಗೆ ಕುಡಿದ ಎದೆ. ಕಾಕಾನಿಗೆ ಎರಡೂ ಕೈ ಮತ್ತು ಬೆನ್ನು. ಮರುದಿನ ವಿಚಾರಣೆಗೆ ಬಂದ ಪೊಲೀಸರು ಮಂಚದ ಪಕ್ಕ ಕುರ್ಚಿ ಎಳೆದು ಕುಳಿತು ಬರೆದುಕೊಂಡರು. ಕಾಲುವೆಗೆ ಗರಸು ಯಾರು ಸುರಿದರು ಎಂದು ಕೇಳಲಿಲ್ಲ. ಆಪಿನಲ್ಲಿ ಏನಿತ್ತು ಎಂದು ಕೇಳಲಿಲ್ಲ. ಕೇಳಿದ್ದು ಒಂದೇ.

“ಹಚ್ಚೂಕ್ಕಿಂತ ಮೊದಲ ಡಬ್ಬಿ ಬಾರಸಿದ್ರೋ ಇಲ್ಲೋ?”

ಆಗಲೇ ನನಗೆ ಡಬ್ಬಿಯ ಅರ್ಥ ತಿಳಿದದ್ದು. ಪಕ್ಕದ ಮಂಚದಲ್ಲಿ ಕಾಕಾ ಕೇಳುವ ಕಿವಿಯನ್ನು ಈ ಕಡೆ ಮಾಡಿ ಮಲಗಿದ್ದರು. ಬಟ್ಟೆ ಸುತ್ತಿದ ಎರಡು ಕೈ ಎದೆಯ ಮೇಲಿದ್ದವು.

“ಇಲ್ರಿ, ಬಾರಸಲಿಲ್ಲ” ಎಂದೆ.

ಬರೆದುಕೊಂಡು ಹೋದರು. ಅಲ್ಲಿಗೆ ಎಲ್ಲ ಮುಗಿಯಿತು. ಆದದ್ದು ಗ್ಯಾಂಗಿನ ನಿರ್ಲಕ್ಷ್ಯ ಎಂದಾಯಿತು. ಮಾಲೀಕರು ಬಂದು ಹಣ್ಣಿನ ಚೀಲ ಇಟ್ಟು, “ಹೊರಗಿನ ಮಂದಿ ಕರಸಬಾರದಿತ್ತು ನಾನು. ಡಬ್ಬಿ ಬಾರಸೂದೂ ಗೊತ್ತಿಲ್ಲ ಸೂಳಿಮಕ್ಕಳಿಗೆ” ಎಂದು ನನ್ನ ಪರವಾಗಿ ಸಿಟ್ಟಾದರು. ಒಂದು ತಗ್ಗು, ಒಂದು ಕಾಲುವೆ, ಅದರಲ್ಲಿ ಬದುಕಿದ್ದ ಅಷ್ಟೂ ಜೀವ ಆ ಒಂದು ಡಬ್ಬಿಯೊಳಗೆ ಹೋಗಿ ಮುಚ್ಚಳ ಬಿತ್ತು. ಮುಚ್ಚಳ ಹಾಕಿದವನು ನಾನು.

ಮೂರನೆಯ ದಿನ ಮುಕಾದಮ ಬಂದ. ವಾರ್ಡಿನ ಒಳಗೆ ಬರಲಿಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಕಾಕಾ ನಿದ್ದೆಯಲ್ಲಿದ್ದರು.

“ಸಾಹೇಬ್ರ, ಮೂರು ಸಲ ಬಾರಸೇನ್ರಿ. ನಾನ ಬಾರಸೇನಿ, ಬ್ಯಾರೇದವನ ಕೈಯಾಗ ಕೊಟ್ಟಿಲ್ಲ. ನಿಮಗ ಕೇಳಿರಲಿಕ್ಕಿಲ್ಲ, ಅಷ್ಟ ಹೇಳ್ರಿ. ಬಾರಸೇ ಇಲ್ಲ ಅನಬ್ಯಾಡ್ರಿ.”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಹಂಗಾಮಿನ ನಡುವೆಯೇ ಆ ಗ್ಯಾಂಗನ್ನು ಎಲ್ಲರೂ ಬಿಡಿಸಿದರು. ಬೀಳಗಿಯ ಕಡೆ ಹೋದರೆಂದು ಕೇಳಿದೆ.

ಬೇಸಿಗೆಯಲ್ಲಿ ಉದ್ಯಾನ ಎದ್ದಿತು. ಕೆಂಪು ಗರಸಿನ ಮೇಲೆ ತಂದು ಹಾಸಿದ ಹುಲ್ಲು, ಜೋಕಾಲಿ, ಬೆಂಚು, ಎರಡು ಸಿಮೆಂಟಿನ ಜಿಂಕೆ, ಒಂದು ಸಿಮೆಂಟಿನ ಕೊಕ್ಕರೆ. ಅದು ಇರುವ ಜಾಗದಲ್ಲಿಯೇ ಮೊದಲು ನಿಜವಾದ ಕೊಕ್ಕರೆಗಳು ನಿಲ್ಲುತ್ತಿದ್ದವು. ಮಾಲೀಕರು ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿ “ನಿಮ್ಮ ಐಡಿಯಾ” ಎಂದು ಬರೆದಿದ್ದರು.

ನಾನು ಕಾಕಾನನ್ನು ನೋಡಲು ಹೋದೆ. ಅವರು ಹಟ್ಟಿಯ ಮುಂದೆ ಕುಳಿತಿದ್ದರು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಉಣ್ಣೆ ನೂಲುವ ತಕಲಿ ಪಕ್ಕದಲ್ಲಿ ಬಿದ್ದಿತ್ತು. ಸೊಸೆ ಚಹಾದ ಕಪ್ಪನ್ನು ಅವರ ಬಾಯಿಗೆ ಹಿಡಿದಳು. ಅವಳು ಒಳಗೆ ಹೋದ ಮೇಲೆ ಹೇಳಿದೆ.

“ಕಾಕಾ, ಅವತ್ತ ಡಬ್ಬಿ ಬಾರಸಿದ್ರು. ನನಗ ಕೇಳಿತ್ತು. ನೀವು ಕೇಳಿದಾಗ ಏನಿಲ್ಲ ಅಂದೆ.”

ಅವರು ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿದರು.

“ಗೊತ್ತಿದ್ದ ಹೇಳಿದ್ಯಾ, ಗೊತ್ತಿಲ್ದ ಹೇಳಿದ್ಯಾ?”

“ಅಲ್ಲಿ ಗೊತ್ತಿರಲಿಲ್ಲ. ದವಾಖಾನ್ಯಾಗ ಗೊತ್ತಿದ್ದ ಹೇಳಿದೆ.”

“ಮುಕಾದಮಗ ಹೇಳಿದಿ?”

“ಇಲ್ರಿ.”

“ನನ್ನ ಮುಂದ ಯಾಕ ಹೇಳಾಕತ್ತಿ ಮತ್ತ? ನನ್ನ ಕೈ ಸುಟ್ಟಾವು, ಆತು. ಅವನ ಮಾರಿ ಸುಟ್ಟೈತಿ. ಮೊದಲ ಅಲ್ಲಿಗೆ ಹೋಗು.”

ಹೋಗಲಿಲ್ಲ. ಓದಿದವರು ಮಾಡುವುದನ್ನು ಮಾಡಿದೆ. ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆದೆ. ಅಲ್ಲಿ ಜವಳು ಭೂಮಿಯಿತ್ತು, ನೀರುನಾಯಿ ಮರಿ ಹಾಕಿತ್ತು, ನದಿಗೆ ಸೇರುವ ಬಸಿಗಾಲುವೆಯಿತ್ತು, ಅದನ್ನು ಮುಚ್ಚಲಾಗಿದೆ, ಸುಡುವ ಮೊದಲು ಡಬ್ಬಿ ಬಾರಿಸಿದ್ದರು, ನನ್ನ ಹಿಂದಿನ ಹೇಳಿಕೆ ಸುಳ್ಳು. ಕಾಲುವೆಯನ್ನು ಬಿಡಿಸಿದರೆ ತಗ್ಗು ಮತ್ತೆ ತುಂಬುತ್ತದೆ, ಆಪು ಬೇರಿನಿಂದ ಚಿಗುರುತ್ತದೆ, ಇನ್ನೂ ಕಾಲ ಮಿಂಚಿಲ್ಲ ಎಂದು ಬರೆದು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ.

ಮಳೆಗಾಲದ ನಡುವೆ ಸ್ಥಳ ಪರಿಶೀಲನೆಗೆ ಒಬ್ಬ ಅಧಿಕಾರಿ ಮಾಲೀಕರ ಜೊತೆ ಬಂದರು. ನದಿ ಏರಿತ್ತು. ಹೊರಹೋಗಲು ದಾರಿಯಿಲ್ಲದ ನೀರು ಉದ್ಯಾನದಲ್ಲಿ ನಿಂತು, ಜೋಕಾಲಿಯ ಹಲಗೆ ತೇಲುತ್ತಿತ್ತು. ಹುಲ್ಲುಹಾಸು ಕೊಳೆತು ನಾರುತ್ತಿತ್ತು. ಸಿಮೆಂಟಿನ ಕೊಕ್ಕರೆ ಮೊಳಕಾಲ ಮಟ್ಟ ನೀರಿನಲ್ಲಿ ನಿಂತಿತ್ತು. ಕಾಕಾ ಕೂಡ ಬಂದಿದ್ದರು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.

“ಕಾಲುವಿ ಎಲ್ಲಿತ್ತು ಅಂತೀರಿ?” ಅಧಿಕಾರಿ ಕೇಳಿದರು.

ಕಾಕಾ ಗದ್ದ ಎತ್ತಿ ತೋರಿಸಿದರು. “ಅಲ್ಲಿಂದ ಹಿಂಗ ಬಂದು, ಆ ಜಿಂಕಿ ನಿಂತೈತಲ್ರಿ, ಅದರ ಹೊಟ್ಟಿ ತೆಳಗ ಹಾದು ಹೊಳಿಗೆ.”

ಅಧಿಕಾರಿ ಕೊಡೆಯ ಕೆಳಗೆ ನಕ್ಷೆ ಬಿಡಿಸಿದರು. ಅದರ ಮೂಲೆಯಲ್ಲಿ ನನ್ನ ಮುದ್ರೆ, ನನ್ನ ಸಹಿ. ಹಸಿರು ಬಣ್ಣದ ಚಂದದ ಚೌಕ. ಎಲ್ಲೂ ನೀಲಿ ಗೆರೆ ಇಲ್ಲ.

“ಇದು ನೀವ ಮಾಡಿದ್ದಲ್ರಿ?”

“ಹೌದ್ರಿ.”

“ಇದರಾಗ ಕಾಲುವಿ ಇಲ್ಲಲ್ಲ.”

“ನಾನ ತಗದಿದ್ದೆ.”

“ಹಂಗಾರ ಅವಾಗ ಸುಳ್ಳ ಬರದಿದ್ರೋ, ಈಗ ಸುಳ್ಳ ಬರದೀರೋ? ದವಾಖಾನ್ಯಾಗ ಒಂದ ಹೇಳೀರಿ, ಅರ್ಜ್ಯಾಗ ಒಂದ ಹೇಳೀರಿ. ನಾ ಯಾವದನ್ನ ಹಿಡೀಲಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನಕ್ಷೆ ಮಡಚಿ ಮಾಲೀಕರ ಕಡೆ ತಿರುಗಿ, “ಪಾರ್ಕಿನ್ಯಾಗ ನೀರ ನಿಲ್ಲಾಕತ್ತೈತಿ. ಒಂದ ಪಂಪ ಇಡಸ್ರಿ” ಎಂದು ಜೀಪು ಹತ್ತಿದರು.

ಕಾಕಾ ನೀರನ್ನೇ ನೋಡುತ್ತಿದ್ದರು. “ನೀರಿಗೆ ಹಾದಿ ನೆನಪೈತಿ ನೋಡು” ಎಂದರು. ಆಮೇಲೆ, “ಮುಕಾದಮನ ಕಡೆ ಹೋಗಿದ್ದೇನು?” ಎಂದು ಕೇಳಿದರು. “ಇಲ್ರಿ” ಎಂದೆ. ಹೋಗುವಾಗ “ಬರ್ತೇನ್ರಿ ಸಾಹೇಬ” ಎಂದರು. ತಮ್ಮಾ ಎನ್ನಲಿಲ್ಲ.

ಆ ಒಂದು ಮಾತಿಗೆ ಹೋದೆ. ಮುಂದಿನ ಹಂಗಾಮು ಶುರುವಾದ ಮೇಲೆ, ಬೀಳಗಿಯ ಕಡೆ ವಿಚಾರಿಸುತ್ತ ವಿಚಾರಿಸುತ್ತ ಹೋದಾಗ ಒಂದು ಹೊಲದ ಬದುವಿನಲ್ಲಿ ಮುಕಾದಮ ಸಿಕ್ಕ. ಕಡಿದು ಮುಗಿದಿತ್ತು, ರವದಿ ಮೊಣಕಾಲೆತ್ತರ ಬಿದ್ದಿತ್ತು. ಹಚ್ಚಲು ನಿಂತಿದ್ದರು. ನಾನು ಎಲ್ಲರ ಮುಂದೆಯೇ ಹೇಳಿದೆ. ಡಬ್ಬಿ ಕೇಳಿತ್ತು, ಸುಳ್ಳು ಹೇಳಿದೆ, ತಪ್ಪು ನನ್ನದು, ಬರೆದೂ ಕೊಟ್ಟಿದ್ದೇನೆ.

ಅವನು ಕೇಳಿದ. ಬೀಡಿ ಎಸೆದ.

“ಈಗ ಹೇಳಿದ್ರ ಏನ ಬಂತ್ರಿ? ಛಲೋ ಆತು, ಹೋಗಿ ಬರ್ರಿ.”

“ಇಲ್ಲಿ ಡಬ್ಬಿ ಬಾರಸಿದ್ರೇನ್ರಿ?”

“ಬಿಟ್ಟೇನ್ರಿ. ಬಾರಸಿದ್ರೂ ಬಾರಸಿಲ್ಲ ಅಂತಾರ. ಹಂಗಿದ್ದ ಮ್ಯಾಲ ಯಾಕ ತಿರಗ್ಯಾಡೂದು?”

ಒಳಗೆ ರವದಿ ಎಲ್ಲೋ ಸರಕ್ಕೆಂದಿತು. ಮೊಲವೋ, ಇಲಿಯೋ, ಗಾಳಿಯೋ. ಬೈಕಿನ ಚೀಲದಿಂದ ಸ್ಟೀಲಿನ ನೀರಿನ ಬಾಟಲಿ ತೆಗೆದೆ, ಒಂದು ಕಲ್ಲು ಎತ್ತಿಕೊಂಡೆ, ಬಡಿಯುತ್ತ ಹೊಲದ ಸುತ್ತ ಹೊರಟೆ. ಕೂಗಲು ನೋಡಿದೆ. ಹೊಗೆ ಕುಡಿದ ಗಂಟಲಿನಿಂದ ಕೆಮ್ಮು ಬಂತು. ಗ್ಯಾಂಗಿನವರು ನಕ್ಕರು. “ಇಂಜನೇರ ಸಾಹೇಬ್ರ ಹಕ್ಕಿ ಹೊಡಿಯಾಕತ್ತಾರೋ!” ಎಂದು ಒಬ್ಬ ಕೂಗಿದ. ಅವನಿಗೆ ಏನೂ ಗೊತ್ತಿಲ್ಲದೆ ಕೂಗಿದ್ದು. ಮುಕಾದಮ ನಗಲಿಲ್ಲ. ನಾನು ಒಂದು ಸುತ್ತು ಮುಗಿಸುವವರೆಗೆ ಕೈಕಟ್ಟಿ ನಿಂತು ಕಾದ, ಅಷ್ಟು ಮರ್ಯಾದೆ ಕೊಟ್ಟ. ಎರಡನೆಯ ಸುತ್ತಿಗೆ ಹೊರಟಾಗ, “ಸಾಕ್ರಿ. ಹಿಂದ ಸರೀರಿ” ಎಂದ.

ಹಿಂದೆ ಸರಿದೆ. ನಾಲ್ಕೂ ಬದಿಗೆ ಹಚ್ಚಿದರು.